ಒಂದೇ ಲೆನ್ಸ್, ಒಂದು ವಾರ

ಮೇ ತಿಂಗಳಲ್ಲಿ ನನ್ನ ಘಟಿಕೋತ್ಸವಕ್ಕೆ ಅಪ್ಪ ಅಮ್ಮ ರಾಲಿಗೆ ಬರ್ತಿದ್ದಾರೆ. ಇಬ್ಬರಿಗೂ ಇದೇ ಮೊದಲ ವಿಮಾನ ಪ್ರಯಾಣ. ಮತ್ತೆ ಯಾವಾಗ ಬರ್ತಾರೋ ಗೊತ್ತಿಲ್ಲ. ಒಂದು ವಾರದಲ್ಲಿ ಬ್ಲೂ ರಿಡ್ಜ್ ಬೆಟ್ಟಗಳನ್ನೂ ಔಟರ್ ಬ್ಯಾಂಕ್ಸ್ ಕಡಲನ್ನೂ ತೋರಿಸಬೇಕು. ಕ್ಯಾಂಪಸ್ ಕೆಲಸದಲ್ಲಿ ಉಳಿಸಿದ ದುಡ್ಡಿಗೆ ಬರೋದು ಒಂದೇ ಲೆನ್ಸ್. ಯಾವುದು?

ನನ್ನದು ಸೋನಿಯ ಎಪಿಎಸ್-ಸಿ ಕ್ಯಾಮೆರಾ. ಹಂಪಿ, ಆಗುಂಬೆಯ ಹಳೇ ಫೋಟೋಗಳನ್ನು ತೆರೆದು ಫೋಕಲ್ ಲೆಂಗ್ತ್ ನೋಡಿದೆ. ಹೆಚ್ಚಿನವು 18 ಇಲ್ಲವೇ 55 ಎಂಎಂ, ಅಂದರೆ ಹಳೇ ಲೆನ್ಸಿನ ಎರಡು ತುದಿ. ಬೆಟ್ಟದ ಮುಂದೆ ಇಬ್ಬರನ್ನೂ ನಿಲ್ಲಿಸೋಕೆ 18 ಸಾಕು. ಇನ್ನೊಂದು ತುದಿ ಎಲ್ಲಿವರೆಗೆ ಬೇಕು?

ಔಟರ್ ಬ್ಯಾಂಕ್ಸ್‌ನ ಕರಾಲಾದಲ್ಲಿ ಕಾಡುಕುದುರೆಗಳಿವೆ. ಅವುಗಳಿಂದ 50 ಅಡಿ ದೂರ ಇರಬೇಕು ಅನ್ನೋದು ಅಲ್ಲಿನ ಕಾನೂನು. ಲೆಕ್ಕ ಹಾಕಿದೆ. ಅಷ್ಟು ದೂರದಿಂದ 55 ಎಂಎಂನಲ್ಲಿ ಆರು ಮೀಟರ್‌ಗೂ ಹೆಚ್ಚು ಅಗಲ ಕಾಣುತ್ತೆ, ಕುದುರೆ ಪುಟ್ಟದಾಗುತ್ತೆ. 135ರಲ್ಲಿ ಎರಡೂವರೆ ಮೀಟರ್ ಚಿಲ್ಲರೆ, ಕುದುರೆ ಚೌಕಟ್ಟು ತುಂಬುತ್ತೆ. ಟ್ಯಾಮ್ರಾನ್ 18-300 ಥರದ್ದು ಇನ್ನೂ ಹತ್ತಿರ ತರುತ್ತೆ ನಿಜ, ಆದರೆ ತೂಕ ಸುಮಾರು 620 ಗ್ರಾಂ. ಸೋನಿಯ 18-135 ಬರೀ 325.

ಕೊರತೆಯೂ ಇದೆ. 135ರಲ್ಲಿ ಅಪರ್ಚರ್ ಎಫ್ 5.6ಕ್ಕಿಂತ ಹೆಚ್ಚು ತೆರೆಯಲ್ಲ. ಸಂಜೆ ಐಎಸ್‌ಒ ಏರಿಸಿದರೆ ಫೋಟೋ ಕಾಳುಕಾಳಾಗುತ್ತೆ. ಆಗಲಿ. ಎರಡು ಲೆನ್ಸ್ ಇದ್ದರೆ ಕಡಲಗಾಳಿಯಲ್ಲಿ ಬದಲಿಸುವಾಗ ಸೆನ್ಸರ್ ಮೇಲೆ ಮರಳು ಕೂರುತ್ತೆ. ಅದೂ ಅಲ್ಲದೆ ನಮ್ಮಮ್ಮ "ಬೇಗ ತೆಗಿಯೋ" ಅಂತ ಒಂದೇ ಸಲ ನಗೋದು.

18-135 ತಗೊಂಡೆ. ನೀವೂ ಹುಡುಕ್ತಿದ್ದರೆ ಮೊದಲು ನಿಮ್ಮ ಹಳೇ ಫೋಟೋ ನೋಡಿ, ಅಂಗಡಿ ಆಮೇಲೆ.