ಬಟ್ಟೆಯ ಮೇಲಿನ ಹೂಗಳು

ಏಪ್ರಿಲ್ 6

ಇವತ್ತೂ ಬಟ್ಟೆ ವಿನ್ಯಾಸಗಾರ್ತಿ ವೆರಾ ನ್ಯೂಮನ್ ಅವರದೇ ಧ್ಯಾನ. ಗಂಡ ಜಾರ್ಜ್ ಜೊತೆ ನ್ಯೂಯಾರ್ಕಿನಲ್ಲಿ 1940ರ ದಶಕದ ಆರಂಭದಲ್ಲಿ ಪ್ರಿಂಟೆಕ್ಸ್ ಎಂಬ ಬಟ್ಟೆ ಅಚ್ಚಿನ ಕಂಪನಿ ಶುರುಮಾಡಿದಾಗ ಇದ್ದದ್ದು ಅಡುಗೆಮನೆಯ ಮೇಜಿನ ಮೇಲೆ ಹಿಡಿಸುವಷ್ಟು ಅಚ್ಚಿನ ಸ್ಕ್ರೀನ್. ಹಾಗಾಗಿ ಮೊದಲು ಅಚ್ಚು ಹಾಕಿದ್ದು ಊಟದ ತಟ್ಟೆಯಡಿ ಹಾಸುವ ಲಿನನ್ ತುಂಡುಗಳಿಗೆ. ಯುದ್ಧದಿಂದಾಗಿ ಲಿನನ್ ಸಿಗದಾದಾಗ, ಸೇನೆಯಲ್ಲಿ ಮಿಕ್ಕಿದ್ದ ಪ್ಯಾರಾಚೂಟ್ ರೇಷ್ಮೆ ಕೊಂಡರು. ಅವರಿಗೆ ಹೆಸರು ತಂದ ಸ್ಕಾರ್ಫುಗಳು ಹುಟ್ಟಿದ್ದು ಅದರಿಂದ. ಒಂದೊಂದರಲ್ಲೂ ಅವರ ಸಹಿ. ಎಷ್ಟೋ ಸ್ಕಾರ್ಫುಗಳಲ್ಲಿ ಸಹಿಯ ಪಕ್ಕ ಕೆಂಪು ಗುಲಗಂಜಿಹುಳ.

ಟ್ರೂಮನ್ ಕಾಲದಲ್ಲಿ ಶ್ವೇತಭವನದ ಮೂರನೇ ಮಹಡಿಯ ಬಿಸಿಲುಕೋಣೆಗೆ ಹೋದದ್ದು ಇವರ 'ಜಾಕ್ ಇನ್ ದ ಪಲ್ಪಿಟ್' ಬಟ್ಟೆ. ಜಾಕ್ ಇನ್ ದ ಪಲ್ಪಿಟ್ ಎಂದರೆ ಅಮೆರಿಕದ ಪೂರ್ವಭಾಗದ ಕಾಡುಗಳ ನೆರಳಲ್ಲಿ ಬೆಳೆಯುವ ಗಿಡ, ನಮ್ಮ ಕೆಸು, ಸುವರ್ಣಗಡ್ಡೆಗಳ ಕುಟುಂಬದ್ದು. ಹಾವಿನ ಹೆಡೆಯಂತೆ ಬಾಗಿದ ಹಸಿರು ಪೊರೆಯೊಳಗೆ ಹೂಗೊಂಚಲು. ಗುಲಾಬಿ ಬಿಟ್ಟು ಇಂಥದನ್ನು ಆರಿಸಿದ ಕಣ್ಣಿಗೆ ನಮಸ್ಕಾರ.

ಏಪ್ರಿಲ್ 9

ಸ್ಕ್ರೀನ್ ಇಲ್ಲದಿದ್ದರೆ ಇದೆಲ್ಲ ಆಗುತ್ತಿರಲಿಲ್ಲ. ಗಿರಣಿಗಳಲ್ಲಿ ಬಣ್ಣಕ್ಕೊಂದು ತಾಮ್ರದ ರೋಲರ್ ಕೊರೆಯಬೇಕಿತ್ತು. ಆ ಖರ್ಚು ಹುಟ್ಟಲು ಒಂದೇ ವಿನ್ಯಾಸವನ್ನು ಭಾರೀ ಪ್ರಮಾಣದಲ್ಲಿ ಅಚ್ಚು ಹಾಕಬೇಕು. ಖಚಿತವಾಗಿ ಮಾರಾಟವಾಗುವ ಹೂವಿಗೆ ಮಾತ್ರ ಅಲ್ಲಿ ಜಾಗ. ಚೌಕಟ್ಟಿಗೆ ಬಿಗಿದ ರೇಷ್ಮೆ ಜಾಲರಿಯ ಸ್ಕ್ರೀನಾದರೆ ಕೆಲವೇ ಗಜಗಳಿಗೂ ಸಾಕು. ಕುಂಚ ಒಣಗುತ್ತಾ ಎಳೆದ ಗೀರೂ ಬಟ್ಟೆಗೆ ಬರುತ್ತದೆ. ವೆರಾ ಅವರ ದಳಗಳಲ್ಲಿ ಕೈಯ ವೇಗ ಕಾಣುವುದು ಅದಕ್ಕೇ.

ಏಪ್ರಿಲ್ 10

ರೂತ್ ಆಡ್ಲರ್ ಶ್ನೀ ಅವರ 'ಸೀಡಿ ವೀಡ್ಸ್' ಎಂಬ ಬಟ್ಟೆ ವಿನ್ಯಾಸ ನೋಡಿದೆ. ನಾಜಿ ಜರ್ಮನಿಯಿಂದ ಪಾರಾಗಿ ಡೆಟ್ರಾಯಿಟ್ ಸೇರಿದ ಹುಡುಗಿ, ಕಳೆಗಿಡದ ಬೀಜಗಳನ್ನೇ ಪರದೆಬಟ್ಟೆಗೆ ತಂದಳು. ಹೂವೇ ಇಲ್ಲ, ಆದರೂ ತೋಟ.

ಏಪ್ರಿಲ್ 15

ನನ್ನ ಮನಸ್ಸು ಮಾತ್ರ ಹಿಟ್ಟಿನ, ಕೋಳಿ ಮೇವಿನ ಚೀಲಗಳ ಕಡೆಗೇ ಹೋಗುತ್ತದೆ. ಅಮೆರಿಕದ ರೈತರ ಮನೆಯ ಹೆಂಗಸರು ಖಾಲಿ ಚೀಲಗಳಲ್ಲಿ ಬಟ್ಟೆ ಹೊಲಿಯುವುದನ್ನು ಕಂಡು ತಯಾರಕರು ಚೀಲಕ್ಕೇ ಹೂವಿನ ಅಚ್ಚು ಹಾಕತೊಡಗಿದರು. ಒಂದು ಫ್ರಾಕಿಗೆ ಒಂದೇ ಬಗೆಯ ಎರಡು ಮೂರು ಚೀಲ ಬೇಕು. ಸಾಲದಿದ್ದರೆ ನೆರೆಮನೆಯವರೊಡನೆ ಅದಲುಬದಲು. 1950ರ ದಶಕದಲ್ಲಿ ಕಾಗದದ ಚೀಲ ಹೆಚ್ಚಿದಂತೆ ಈ ಹೂಗಳು ಬಾಡಿದವು.

ಇವುಗಳಲ್ಲಿ ಹೆಚ್ಚಿನವನ್ನು ಬರೆದವರ ಹೆಸರಿಲ್ಲ. ನಾನು ಪುಸ್ತಕ ಬರೆದರೆ ಮೊದಲ ಅಧ್ಯಾಯ ಈ ಚೀಲಗಳದು, ವೆರಾ ಎರಡನೆಯದರಲ್ಲಿ ಬರಲಿ.