ಹಾಜರಿ

ಬೋಂಡ ಬಾಣಲೆಯಲ್ಲಿರುವಾಗ ಮಳೆ ಶುರುವಾಯಿತು, ತಟ್ಟೆಗೆ ಬರುವಷ್ಟರಲ್ಲಿ ಕರೆಂಟು ಹೋಯಿತು. ಗಿರಿನಗರದ ನಮ್ಮ ಮನೆಯ ಯುಪಿಎಸ್ ಬ್ಯಾಟರಿ ಸತ್ತು ಆಗಲೇ ತಿಂಗಳಾಗಿತ್ತು. ಹಾಲಿನಲ್ಲಿ ಒಂಬತ್ತು ಜನ ಎಲೆಕ್ಟ್ರಿಕಲ್ ಇಂಜಿನಿಯರುಗಳು ಕೂತಿದ್ದೆವು. ಇಬ್ಬರಂತೂ ಕೆಇಬಿಯಲ್ಲೇ ತಲೆ ಹಣ್ಣಾಗಿಸಿಕೊಂಡವರು. ಮೇಣದಬತ್ತಿ ಹುಡುಕಿ ಹಚ್ಚಿದವಳು ಮಾತ್ರ ನಮ್ಮಾಕೆ, ಓದಿದ್ದು ಬಿ.ಎ. ಹಿಸ್ಟರಿ.

ನಾವೆಲ್ಲ 1967ರಲ್ಲಿ ಕೆ.ಆರ್. ಸರ್ಕಲ್ಲಿನ ಇಂಜಿನಿಯರಿಂಗ್ ಕಾಲೇಜಿಗೆ ಸೇರಿದವರು. ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿದ ಕಾಲೇಜಿಗೆ ಆಗ ಸರಿಯಾಗಿ ಐವತ್ತು. ಬಿ.ಇ. ಆಗ ಐದು ವರ್ಷ. 1972ರಲ್ಲಿ ಹೊರಬಿದ್ದವರು ಚೆಲ್ಲಾಪಿಲ್ಲಿಯಾದೆವು. ಜೋಗ, ಕಾಳಿ ಯೋಜನೆಯ ಅಂಬಿಕಾನಗರ, ಆಮೇಲೆ ರಾಯಚೂರಿನ ಶಕ್ತಿನಗರ. ಕರ್ನಾಟಕದಲ್ಲಿ ಎಲ್ಲೆಲ್ಲಿ ಕರೆಂಟು ಹುಟ್ಟಿತೋ ಅಲ್ಲೆಲ್ಲ ನಮ್ಮ ಕ್ಲಾಸಿನವನೊಬ್ಬನ ಕ್ವಾರ್ಟರ್ಸ್ ಇತ್ತು. ಕಾವೇರಿ ನೀರನ್ನು ಬೆಂಗಳೂರಿಗೆ ಎತ್ತುವ ತೊರೆಕಾಡನಹಳ್ಳಿಯ ಪಂಪುಗಳ ಪಕ್ಕದಲ್ಲೂ ಒಬ್ಬ ಇದ್ದ. ನಮ್ಮ ನಲ್ಲಿಯಲ್ಲಿ ನೀರು ಬರದಿದ್ದರೆ ಇವತ್ತಿಗೂ ಬೈಸಿಕೊಳ್ಳುವವನು ಅವನೇ, ರಿಟೈರಾಗಿ ಎಷ್ಟು ಕಾಲವಾಯಿತೋ ಪಾಪ.

ಇವರನ್ನೆಲ್ಲ ಹಿಡಿದಿಟ್ಟವನು ಒಬ್ಬ, ಮುಂದೆ ಲೆಕ್ಚರರ್ ಆದವನು, ನಮ್ಮ ಬಾಯಲ್ಲಿ 'ಮೇಷ್ಟ್ರು'. ಅವನ ಲಾಂಗ್ ನೋಟ್‌ಬುಕ್ಕಿನಲ್ಲಿ ವಿಳಾಸಗಳೆಲ್ಲ ಪೆನ್ಸಿಲ್ಲಿನಲ್ಲಿ. ಯಾರಿಗೆ ವರ್ಗವಾದರೂ ಅಳಿಸಿ ಬರೆಯುತ್ತಿದ್ದ. ಯುಗಾದಿಗೊಂದು ಕಾರ್ಡು ಹಾಕುತ್ತಿದ್ದ, ಉತ್ತರ ಬರೆಯದವನಿಗೆ ಬೈದು ಇನ್ನೊಂದು. ಈಗ ವಾಟ್ಸಾಪ್ ಇದೆ. ಬೆಳಗ್ಗೆ ಗುಲಾಬಿ ಹೂವಿನ ಚಿತ್ರ ಬಂದರೆ ಆಸಾಮಿ ಇದ್ದಾನೆ ಎಂದರ್ಥ. ನನಗೆ ಆ ಬೈಗುಳದ ಕಾರ್ಡೇ ಇಷ್ಟ.

ಅವತ್ತು ಮೂವತ್ತೆರಡನೇ ನಂಬರಿನವನನ್ನು ಅವನ ಮಗ ಸೀತಾ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಒದ್ದಾಡಿ ಕರೆತಂದಿದ್ದ. "ಅಂಕಲ್, ಅಪ್ಪ ಯಾರನ್ನೂ ಗುರುತು ಹಿಡಿಯಲ್ಲ, ಬೇಜಾರು ಮಾಡ್ಕೋಬೇಡಿ" ಎಂದು ಬಾಗಿಲಲ್ಲೇ ಪಿಸುಗುಟ್ಟಿದ. ನಾನು ಕೈ ಹಿಡಿದು ಬೆತ್ತದ ಕುರ್ಚಿಯಲ್ಲಿ ಕೂರಿಸಿದೆ. ಅವನು ನನ್ನನ್ನು ನೋಡಿ ಬಲು ಮರ್ಯಾದೆಯಿಂದ, "ತಾವು ಯಾವ ಡಿವಿಜನ್ನು ಸಾರ್?" ಎಂದ. ನಾನು ಏನೋ ಒಂದು ಡಿವಿಜನ್ನಿನ ಹೆಸರು ಹೇಳಿ ಅಡುಗೆಮನೆಗೆ ಹೋದೆ.

ಕತ್ತಲಲ್ಲಿ ಮಾತು ಹಳೆಯ ಪ್ರಾಕ್ಸಿಗಳ ಕಡೆ ಹೊರಳಿತು. ಪ್ರಾಕ್ಸಿ ಎಂದರೆ ನಮಗೆ ಮೂವತ್ತೊಂದನೇ ನಂಬರು. ಕ್ಲಾಸಿನ ನಾಲ್ಕು ಜನ ಅಮೆರಿಕಕ್ಕೆ ಹೋದರೂ 'ಸ್ಟೇಟ್ಸ್' ಎಂಬ ಹೆಸರು ಬಿದ್ದದ್ದು ಬೆಂಗಳೂರು ಬಿಡದ ಅವನಿಗೆ. ಕೆ.ಜಿ. ರಸ್ತೆಯ ಸ್ಟೇಟ್ಸ್ ಟಾಕೀಸಿಗೆ 1972ರಲ್ಲಿ 'ಬಂಗಾರದ ಮನುಷ್ಯ' ಬಂತು. ಎರಡು ವರ್ಷ ಓಡಿದ ಚಿತ್ರ, ನಿಧಾನವಾಗಿ ನೋಡಬಹುದಿತ್ತು. ಇವನು ಫೈನಲ್ ಇಯರಿನ ಮಧ್ಯಾಹ್ನಗಳನ್ನೆಲ್ಲ ರಾಜ್‌ಕುಮಾರರಿಗೇ ಬರೆದುಕೊಟ್ಟ. ಪಕ್ಕದ ನಂಬರಿನವನು ಮೂಗಿನಲ್ಲಿ ದನಿ ತೆಗೆದು ಅವನ ಹಾಜರಿ ಹಾಕಿಸುತ್ತಿದ್ದ.

ಆ 'ಸ್ಟೇಟ್ಸ್' ಹೋಗಿ ಆಗ ಎಂಟು ತಿಂಗಳು.

"ಹಾಜರಿ ತಗೊಳ್ಳೋ ಮೇಷ್ಟ್ರೇ" ಎಂದು ಯಾರೋ ಕೆಣಕಿದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಫೋರ್, ಸೆವೆನ್, ಲೆವೆನ್. ಇದ್ದವರ ನಂಬರು ಮಾತ್ರ, ಹೋದವರನ್ನು ನಾಜೂಕಾಗಿ ದಾಟಿಕೊಂಡು. ಯಸ್ ಸಾರ್, ಯಸ್ ಸಾರ್, ನಗು, ಕೆಮ್ಮು. ನನ್ನದು ಟ್ವೆಂಟಿ ಎಯ್ಟ್, ಕೂಗಿದೆ. ಅದೇ ಓಟದಲ್ಲಿ ಅವನ ಬಾಯಿಂದ "ಥರ್ಟಿ ಒನ್" ಜಾರಿಬಿಟ್ಟಿತು.

ಮಳೆಯ ಸದ್ದು ಮಾತ್ರ. ಮೇಷ್ಟ್ರು ನಾಲಿಗೆ ಕಚ್ಚಿಕೊಂಡದ್ದು ಆ ಬೆಳಕಿನಲ್ಲೂ ಕಂಡಿತು.

"ಯಸ್ ಸಾರ್."

ಮೂಗಿನ ದನಿ. ಬೆತ್ತದ ಕುರ್ಚಿಯಿಂದ ಬಂತು. ಕೂಗಿದವನು ಕೂಡಲೇ ತಲೆ ತಗ್ಗಿಸಿ ಮುಂದಿನವನ ಬೆನ್ನಿನ ಮರೆಗೆ ಸರಿದ.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆತ್ತಗೆ, "ಥರ್ಟಿ ಟೂ" ಎಂದ. ಉತ್ತರ ಬರಲಿಲ್ಲ. ಇನ್ನೊಂದು ಸಲ ಕೂಗಿದ. ಥರ್ಟಿ ಟೂಗೆ ಅದು ಕೇಳಿಸಿದಂತಿರಲಿಲ್ಲ. ಅವನು ನನ್ನ ತೋಳು ಜಗ್ಗಿ ಕಿವಿಯ ಹತ್ತಿರ ಬಂದಿದ್ದ.

"ಲೋ, ಬಾಗಿಲ ಕಡೆ ನೋಡ್ತಿರೋ. ಮ್ಯಾಟ್ನಿ ಬಿಟ್ಟಿರತ್ತೆ."