ಬಲಗೈಯ ಹೆಬ್ಬೆರಳು

ನಮ್ಮ ಅಕ್ಕನ ಮೊಮ್ಮಗಳು ಪದವಿಪೂರ್ವ ತರಗತಿಯಲ್ಲಿ ಭೌತಶಾಸ್ತ್ರವನ್ನು ಓದುತ್ತಿರುವಳು. ಕಳೆದ ತಿಂಗಳು ಆಕೆ ಚಕ್ರದ ಚಿತ್ರವಿದ್ದ ಪುಟವೊಂದನ್ನು ನನ್ನ ಮುಂದಿಟ್ಟು, "ತಿರುಗುವುದು ಚಕ್ರ, ಟಾರ್ಕಿನ ಬಾಣ ಮಾತ್ರ ಅಚ್ಚಿನ ಕಡೆಗೆ ಏಕೆ, ತಾತ?" ಎಂದು ಕೇಳಿದಳು. ಸಂಸ್ಕೃತದ ಉಪಾಧ್ಯಾಯನಾಗಿದ್ದ ನನಗೆ ಇದು ಹೊಸ ವಿಷಯ. ಆದರೂ ಆ ಅಧ್ಯಾಯವನ್ನು ಎರಡು ಸಲ ಓದಿ, ತಿರುಪಿನ ಮುಚ್ಚಳವಿದ್ದ ಉಪ್ಪಿನಕಾಯಿಯ ಶೀಸೆಯೊಂದನ್ನು ತರಿಸಿದೆನು.

ಮುಚ್ಚಳದ ನಡುವಿನಿಂದ ಅಂಚಿನವರೆಗೆ ಒಂದು ಗೆರೆಯನ್ನು ಭಾವಿಸಬೇಕು. ಬಲಗೈಯ ಬೆರಳುಗಳನ್ನು ಮೊದಲು ಆ ಗೆರೆಯ ದಿಕ್ಕಿಗೆ ಚಾಚಿ, ಅನಂತರ ಅಂಚನ್ನು ತಳ್ಳುವ ಬಲದ ದಿಕ್ಕಿಗೆ ಮಡಿಸಬೇಕು. ಆಗ ಹೆಬ್ಬೆರಳು ತೋರುವುದೇ ಟಾರ್ಕಿನ, ಎಂದರೆ ತಿರುಗುಬಲದ ದಿಕ್ಕು. ಅಪ್ರದಕ್ಷಿಣವಾಗಿ ತಿರುಗಿಸಿ ತೆರೆಯುವಾಗ ಅದು ಮೇಲಕ್ಕೆ. ಪ್ರದಕ್ಷಿಣವಾಗಿ ಬಿಗಿಯುವಾಗ ಕೆಳಕ್ಕೆ. ಗೆರೆ ಮೊದಲು, ಬಲ ಆಮೇಲೆ; ಕ್ರಮ ತಪ್ಪಿದರೆ ದಿಕ್ಕು ತಲೆಕೆಳಗಾಗುವುದು. ಗೃಹಪತಿಯೇ ಬೇರೆ, ಪತಿಗೃಹವೇ ಬೇರೆಯಲ್ಲವೆ?

"ಎಡಗೈ ಹಿಡಿದರೆ?" ಎಂದಳು. ಆಕೆ ಎಡಗೈಯಲ್ಲಿ ಬರೆಯುವವಳು.

ಹಿಡಿದರೆ ಬಾಣವು ಹಿಂದುಮುಂದಾಗುವುದು. ಮುಚ್ಚಳ ಮಾತ್ರ ಎಂದಿನಂತೆಯೇ ತೆರೆಯುವುದು! ತಿರುಗುವಾಗ ಅಂಚಿನ ಪ್ರತಿಯೊಂದು ಬಿಂದುವೂ ಕ್ಷಣಕ್ಷಣಕ್ಕೆ ದಿಕ್ಕನ್ನು ಬದಲಿಸುತ್ತದೆ. ಬದಲಾಗದೆ ನಿಲ್ಲುವುದು ನಡುವಿನ ಅಕ್ಷವೊಂದೇ. ಆದುದರಿಂದ ಬಾಣವನ್ನು ಅಲ್ಲಿ ಎಳೆಯುವರು. ಅಕ್ಷದ ಎರಡು ತುದಿಗಳಲ್ಲಿ ಯಾವುದಕ್ಕೆ ಮೊನೆಯಿಡಬೇಕೆಂಬುದು ಬರಿಯ ಸಂಕೇತ. ನೈಯಾಯಿಕರ ಮತದಲ್ಲಿ ಘಟವೆಂಬ ಶಬ್ದಕ್ಕೂ ಮಡಕೆಗೂ ಇರುವಂಥದು. ಎಲ್ಲರೂ ಒಂದೇ ಕೈಯನ್ನು ಹಿಡಿದರೆ ಸಾಕು. ಬಲಗೈಗೆ ಹೆಚ್ಚಿನ ಪುಣ್ಯವೇನೂ ಇಲ್ಲ.

ಈ ಮಾತು ನನ್ನ ಬಾಯಿಂದಲೇ ಹೊರಟಾಗ ನಾನು ಸುಮ್ಮನಾದೆನು. ಉದ್ಯೋಗಕ್ಕೆ ಸೇರಿದ ಹೊಸತರಲ್ಲಿ, ಎಡಗೈಯಲ್ಲಿ ಬರೆಯುತ್ತಿದ್ದ ಹುಡುಗನೊಬ್ಬನ ಬೆರಳ ಗೆಣ್ಣುಗಳಿಗೆ ರೂಲುದೊಣ್ಣೆಯಿಂದ ಹೊಡೆದಿದ್ದೆನು. ಸರಸ್ವತಿಗೆ ಬಲಗೈಯೇ ಪ್ರಿಯವೆಂದು ಗದರಿದ್ದೆನು. ಅದಕ್ಕೆ ಪ್ರಮಾಣ ನಾನು ಓದಿದ ಯಾವ ಗ್ರಂಥದಲ್ಲಿಯೂ ಇರಲಿಲ್ಲ. ಅವನು ಬಲಗೈಯಲ್ಲಿ ಸೊಟ್ಟಸೊಟ್ಟಾಗಿ ಬರೆಯತೊಡಗಿದನು. ವರ್ಷದ ಕೊನೆಗೆ ಶಾಲೆಯನ್ನೇ ಬಿಟ್ಟನು.

ಮೊನ್ನೆ ಹುಡುಗಿಯ ಕಾಲೇಜಿನಲ್ಲಿ ಪರೀಕ್ಷೆಯಾಯಿತು. ಬಲಗೈಯಲ್ಲಿ ಲೇಖನಿ ಹಿಡಿದಿದ್ದ ಕೆಲವರು, ಬಿಡುವಾಗಿದ್ದ ಎಡಗೈಯನ್ನೇ ಮಡಿಸಿ ನೋಡಿ ದಿಕ್ಕನ್ನು ತಪ್ಪಾಗಿ ಬರೆದರಂತೆ.

"ನನಗೆ ಬಲಗೈ ಬಿಡುವಾಗಿತ್ತು, ತಾತ" ಎಂದು ಆಕೆ ನಗುತ್ತ ಹೆಬ್ಬೆರಳನ್ನೆತ್ತಿ ತೋರಿಸಿದಳು.